ಸ್ಕ್ಯಾನಿಂಗ್ ನಾರ್ಮಲ್ ಬಂದ ಮೇಲೆ...

ತಲೆಗೆ ಪೆಟ್ಟು ಬಿದ್ದವರ ಮನೆಯಲ್ಲಿ ನಮ್ಮ ಕಡೆ ಎಲ್ಲರೂ ಕೇಳೋದು ಒಂದೇ: “ಸ್ಕ್ಯಾನಿಂಗ್ ಮಾಡಿಸಿದ್ರಾ? ನಾರ್ಮಲ್ ಬಂತಾ? ಹಂಗಾದ್ರ ಏನೂ ಆಗಿಲ್ಲ ಬಿಡ್ರಿ!”

ನಮ್ಮ ಸೋದರಮಾವ ಮಸ್ಕಿಯಿಂದ ಸಿಂಧನೂರಿಗೆ ಬರುವಾಗ ಬೈಕಿನಿಂದ ಬಿದ್ದರು. ಹೆಲ್ಮೆಟ್ ಯಥಾಪ್ರಕಾರ ಮನೆಯ ಗೂಟದಲ್ಲಿತ್ತು. ಸಿಟಿ ಸ್ಕ್ಯಾನ್ ನಾರ್ಮಲ್. ಮೂರನೇ ದಿನವೇ “ಲಿಂಗಸೂಗೂರಿಗೆ ಹೋಗಿ ಬರ್ತೀನಿ, ಕೀಲಿ ಕೊಡಲೇ” ಅಂತ ಶುರು. ಭತ್ತದ ನಾಟಿ ಸಮಯ, ಅವರ ಅವಸರವೂ ಸುಳ್ಳಲ್ಲ. ಆದರೆ ಬಾಯಲ್ಲೇ ಲೆಕ್ಕ ಹಾಕುವ ಮನುಷ್ಯ ಅವತ್ತು ಬೆಳಿಗ್ಗೆ ಕೂಲಿಯವರ ಲೆಕ್ಕ ಎರಡು ಸಲ ತಪ್ಪಿದ್ದರು. ಕೀಲಿಯನ್ನು ಅತ್ತೆ ಸೆರಗಿಗೆ ಗಂಟು ಹಾಕಿಕೊಂಡರು.

ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಮೂಳೆ ಮುರಿತ ಇಂಥವನ್ನು. ಕನ್‌ಕಶನ್ ಅಂದರೆ ಮಿದುಳು ಕೆಲಸ ಮಾಡುವ ರೀತಿಯಲ್ಲೇ ಆಗುವ ಏರುಪೇರು. ಅದು ಫಿಲ್ಮಿನಲ್ಲಿ ಕಾಣುವುದಿಲ್ಲ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಆರ್ಚರ್ ಚೆಂಡು ಕುತ್ತಿಗೆಗೆ ಬಡಿದ ಮೇಲೂ ಸ್ಟೀವ್ ಸ್ಮಿತ್ ಅದೇ ದಿನ ಮತ್ತೆ ಬ್ಯಾಟ್ ಹಿಡಿದರು. ಲಕ್ಷಣ ಕಂಡಿದ್ದು ಮರುದಿನ! ಬದಲಿಗೆ ಲಬುಶೇನ್ ಬಂದರು, ಮುಂದಿನ ಟೆಸ್ಟ್‌ಗೂ ಸ್ಮಿತ್ ಇರಲಿಲ್ಲ.

ಹಾಗಾದರೆ ಏನು ಬೇಡ? ಡಾಕ್ಟರ್ ಹೇಳುವವರೆಗೆ ಬೈಕ್, ಟ್ರ್ಯಾಕ್ಟರ್ ಬೇಡ. ಏಣಿ ಹತ್ತುವುದು, ಮೂಟೆ ಹೊರುವುದು ಬೇಡ. ಮೊದಲನೆಯದು ವಾಸಿಯಾಗುವ ಮುಂಚೆ ಎರಡನೇ ಪೆಟ್ಟು ಬಿದ್ದರೆ ಬಹಳ ಕಷ್ಟ. ಕುಡಿತ ಬೇಡ, ತಾವೇ ತಂದ ನಿದ್ದೆ ಮಾತ್ರೆ ಬೇಡ. ಮೊದಲ ಎರಡು ದಿನ ಮೊಬೈಲ್, ಟಿವಿ ಆದಷ್ಟು ಕಡಿಮೆ. ಮತ್ತೆ... ಮಾತಾಡಿಸೋಕೆ ಅಂತ ಹಿಂಡುಗಟ್ಟಿ ಬರುವ ನೆಂಟರು! ಸ್ಕ್ರೀನ್ ಆಫ್ ಮಾಡಬಹುದು, ಇವರನ್ನು?

ಹಾಗಂತ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದೂ ತಪ್ಪು. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ಕ್ರೀಡಾ ವೈದ್ಯರ ಒಮ್ಮತವೂ ಅದೇ: ಒಂದೆರಡು ದಿನ ಹಗುರವಾಗಿರಿ, ಆಮೇಲೆ ಸ್ವಲ್ಪ ಸ್ವಲ್ಪ ನಡೆದಾಡಿ, ತಲೆನೋವು ಜಾಸ್ತಿಯಾದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಡಾಕ್ಟರ್ ನೋಡಿ ಮನೆಗೆ ಕಳಿಸಿದ ಮೇಲೆ “ನಿದ್ದೆ ಮಾಡಬಾರದು” ಅಂತ ಎಬ್ಬಿಸಿ ಕೂರಿಸಬೇಕಿಲ್ಲ; ನಿದ್ದೆ ಒಳ್ಳೆಯದೇ.

ಆದರೆ ಮೇಲಿಂದ ಮೇಲೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು, ಎಬ್ಬಿಸಿದರೂ ಏಳದಿರುವುದು... ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನಾರ್ಮಲ್ ರಿಪೋರ್ಟ್ ಕೈಯಲ್ಲಿದ್ದರೂ ಸರಿ.

ಊರಲ್ಲಿರುವ ಅಪ್ಪ, ಮಾವಂದಿರಿಗೆ ಇವತ್ತೇ ಇಷ್ಟು ಹೇಳಿಬಿಡಿ. ನಿಮ್ಮ ಮನೆಯಲ್ಲೂ ಇಂಥವರು ಇದ್ದೇ ಇರ್ತಾರಲ್ವಾ?