ಪುಣ್ಯಕೋಟಿಗೂ ಕಾಲ್ ಇತ್ತು!

ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಕರೆಂಟ್ ಹೋಯ್ತು. ಟಿವಿ ಇಲ್ಲ, ವೈಫೈ ಇಲ್ಲ. ‘ಅಮ್ಮಾ, ಬೋರು’ ಅಂತ 5 ವರ್ಷದ ಮಗಳು ರಾಗ ತೆಗೆದಳು. ಕತ್ತರಿ, ಗೋಂದು, ಸ್ಕೆಚ್ ಪೆನ್ನು ತಂದು ನೆಲದ ಮೇಲೆ ಹರಡಿದೆ. ‘ಬಾ, ಬೆರಳಿಗೆ ಗೊಂಬೆ ಮಾಡೋಣ.’

ಮೊದಲು ಹಳೇ ಲಗ್ನಪತ್ರಿಕೆಯಲ್ಲಿ ಪ್ರಯತ್ನಿಸಿದೆ. ತುಂಬಾ ದಪ್ಪ, ಸುತ್ತಿದರೆ ಮುರಿಯಿತು. ಕ್ಯಾಲೆಂಡರ್ ಹಾಳೆ ಸರಿಹೋಯ್ತು. 7 ಸೆಂ.ಮೀ. ಉದ್ದ, 5 ಸೆಂ.ಮೀ. ಎತ್ತರದ ಪಟ್ಟಿ ಸಾಕು. ಮುಖ ಮೊದಲೇ ಬರೆದು, ಆಮೇಲೆ ಸುತ್ತಿ ಅಂಟಿಸಬೇಕು. ಅಳತೆ ಮಾತ್ರ ಮಗುವಿನ ಬೆರಳಿಗೇ ತಗೊಳ್ಳಿ. ನನ್ನ ಬೆರಳಿನ ಅಳತೆಯ ಹಸು ಅವಳ ಕೈಯಿಂದ ಜಾರಿ ಬಿತ್ತು. ಕಿವಿ, ಕೊಂಬು ಬೇರೆ ಕತ್ತರಿಸಿ ಅಂಟಿಸಿದೆವು. ಹುಲಿಗೆ ಪಟ್ಟೆ ಎಳೆಯೋ ಕೆಲಸ ಅವಳದ್ದು. ಪಟ್ಟೆ ಮೂಗಿನ ಮೇಲೂ ಬಂತು!

ಕಥೆ? ನಮಗೆಲ್ಲ ಗೊತ್ತಿರೋ ಗೋವಿನ ಹಾಡಿನದೇ. ಪುಣ್ಯಕೋಟಿ ಕರುವಿಗೆ ಹಾಲು ಕುಡಿಸಿ, ಕೊಟ್ಟ ಮಾತಿನಂತೆ ಹುಲಿಯ ಹತ್ತಿರ ವಾಪಸ್ ಬರ್ತಾಳಲ್ಲ, ಅದು. ನಾನು ಹುಲಿ. ಅವಳ ಒಂದು ಕೈಲಿ ಹಸು, ಇನ್ನೊಂದರಲ್ಲಿ ಕರು.

ಹಸು ಕರುವಿನ ಹತ್ತಿರ ಬರೋ ಹೊತ್ತಿಗೆ ಕಥೆ ದಾರಿ ಬದಲಿಸಿತು.

‘ಅಮ್ಮಾ, ಹಾಲು.’

‘ಹತ್ತೇ ನಿಮಿಷ ಪುಟ್ಟಾ, ಕಾಲ್‌ನಲ್ಲಿದ್ದೀನಿ.’

‘ಆಯ್ತಾ ಅಮ್ಮಾ?’

‘ಶ್... ಇನ್ನೈದೇ ನಿಮಿಷ.’

ಕರು ಮಲಗಿಬಿಡ್ತು.

ಅದು ನನ್ನದೇ ಧ್ವನಿ. ಆ ‘ಶ್’ ಕೂಡ. ಹುಲಿಗೆ ಮಾತೇ ಹೊರಡಲಿಲ್ಲ. ‘ಅಮ್ಮ ಕೆಲಸ ಮಾಡ್ತಿದ್ರೆ ನಿಂಗೆ ಬೇಜಾರಾ?’ ಅಂತ ಎಷ್ಟೋ ಸಲ ಕೇಳಿದ್ದೆ. ‘ಇಲ್ಲಪ್ಪ’ ಅಂತಲೇ ಹೇಳಿದ್ದಳು. ಈಗಲೂ ಅವಳು ದೂರು ಹೇಳ್ತಿರಲಿಲ್ಲ, ಆಟ ಆಡ್ತಿದ್ದಳು ಅಷ್ಟೇ.

ಕೊನೆಗೆ ಹುಲಿ ಕೇಳಿತು, ‘ಕರುವೇ, ನಿಮ್ಮಮ್ಮನಿಗೆ ನಾನೇನು ಹೇಳಲಿ?’

ಕರು ಯೋಚಿಸಿತು. ‘ಹತ್ತು ನಿಮಿಷ ಅಂದ್ರೆ ಹತ್ತೇ ನಿಮಿಷ ಅಂತ ಹೇಳು.’

ಕೆಲಸ ಬಿಡೋಕಾಗಲ್ಲ, ಕಾಲ್‌ಗಳೂ ನಿಂತಿಲ್ಲ. ಆದರೆ ಈಗ ಸುಮ್ಮನೆ ‘ಹತ್ತು ನಿಮಿಷ’ ಅನ್ನಲ್ಲ. ಗಡಿಯಾರದ ದೊಡ್ಡ ಮುಳ್ಳು ಎಲ್ಲಿಗೆ ಬಂದಾಗ ಏಳ್ತೀನಿ ಅಂತ ತೋರಿಸಿ ಹೇಳ್ತೀನಿ.

ನೀವೂ ಮಾಡಿ ನೋಡಿ. ಅಮ್ಮನ ಪಾತ್ರ, ಅಪ್ಪನ ಪಾತ್ರ ಮಕ್ಕಳ ಕೈಗೇ ಕೊಡಿ. ಕಥೆ ತಪ್ಪಾಯ್ತು ಅಂತ ತಿದ್ದಬೇಡಿ.

ಆಮೇಲೂ ಎರಡು ಸಲ ಮಾತು ತಪ್ಪಿದ್ದೀನಿ. ಎರಡು ಸಲವೂ ಬಾಗಿಲ ಸಂದಿಯಿಂದ ಒಂದು ಪುಟ್ಟ ಬೆರಳು ಒಳಗೆ ಬಂತು. ಅದರ ತುದಿಯಲ್ಲಿ ಕರು.