ಗೋಡೆಯ ಮೇಲಿನ ಗುಡಿಗಳು

ಕೋರದಲ್ಲಿ ದಸರೆಗೆ ಗೊಂಬೆ ಕೂರಿಸುವಾಗ ನಾವು ಹುಡುಗರು ಜೇಡಿಮಣ್ಣಿನ ಕಿರುಮಾದರಿಗಳನ್ನು ಮಾಡಿಡುತ್ತಿದ್ದೆವು. ಬಸ್ಸಿಗೂ ಎತ್ತಿನಗಾಡಿಗೂ ಮೆಚ್ಚುಗೆಯೋ ಮೆಚ್ಚುಗೆ. ನನ್ನ ಗುಡಿಯನ್ನು ಕೇಳುವವರಿರಲಿಲ್ಲ. ಆ ಹಳೆಯ ಮುನಿಸಿನಿಂದಲೋ ಏನೋ, ಮುಂದೆ ಲಕ್ಕುಂಡಿಯ ಕಾಶಿವಿಶ್ವೇಶ್ವರಕ್ಕೆ ಹೋದಾಗ ನನ್ನ ಕಣ್ಣು ನೆಟ್ಟದ್ದು ಹೊರಗೋಡೆಯಲ್ಲಿ ಕಡೆದ ಪುಟ್ಟ ಗುಡಿಗಳ ಮೇಲೆ.

ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳಲ್ಲಿಯೂ ಇಂಥ ಒಲವಿನ ತಾರತಮ್ಯವಿತ್ತು. ನಾನು ಕಂಡಮಟ್ಟಿಗೆ ಅವರ ಕಿರುಗುಡಿಗಳಲ್ಲಿ ದ್ರಾವಿಡದ್ದೇ ಮೇಲುಗೈ. ಅದು ಸಹಜ. ದ್ರಾವಿಡ ವಿಮಾನವೆಂಬುದೇ ಕೂಟ, ಶಾಲೆ, ಪಂಜರಗಳೆಂಬ ಕಿರುಗುಡಿಗಳ ಜೋಡಣೆ. ಅಲ್ಲಿ ಕಟ್ಟುವುದೆಂದರೆ ಮಾದರಿಗಳನ್ನು ಅಂತಸ್ತಂತಸ್ತಾಗಿ ಪೇರಿಸುವುದು. ಆದರೆ ಅರೆಗಂಬಗಳ ನೆತ್ತಿಯಲ್ಲಿ ನಾಗರ ಶಿಖರಗಳೂ ಇಣುಕುತ್ತವೆ. ಆ ಶೈಲಿಯ ಪೂರ್ಣಪ್ರಮಾಣದ ದೇವಾಲಯಗಳು ಅಂದಿನ ಕನ್ನಡ ನಾಡಿನಲ್ಲಿ ವಿರಳ. ಕಟ್ಟಿಸುವವರು ಕೇಳದಿದ್ದ ವಿದ್ಯೆಯನ್ನು ಶಿಲ್ಪಿ ಗೋಡೆಯ ಮೂಲೆಯಲ್ಲಿ ಸಾಕಿಕೊಂಡಿದ್ದನೆಂದೇ ನನ್ನ ನಂಬಿಕೆ.

ನಾವು ಸಂಶೋಧಕರು ವಿಗ್ರಹಗಳನ್ನು ಎಣಿಸುತ್ತೇವೆ, ಶಾಸನಗಳನ್ನು ಓದುತ್ತೇವೆ. ಈ ಕಿರುಗುಡಿಗಳನ್ನು ‘ಅಲಂಕಾರ’ವೆಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. 1112ರ ಇಟಗಿಯ ಮಹಾದೇವ ದೇವಾಲಯವನ್ನು ಕುರಿತ ನನ್ನ ಮೊದಲ ಲೇಖನದಲ್ಲಿ ನಾನೂ ಹಾಗೆಯೇ ಬರೆದಿದ್ದೆ. ಈಗ ಅಳತೆಪಟ್ಟಿ ಹಿಡಿದು, ಅದೇ ದೇವಾಲಯದ ದಕ್ಷಿಣದ ಗೋಡೆಯಿಂದ ಎಣಿಕೆ ಆರಂಭಿಸಿದ್ದೇನೆ.