ಶುಲ್ಕದ ಆಚೆಗಿನ ಲೆಕ್ಕ

ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಜತ್ತದ ನನ್ನ ಕಚೇರಿಗೆ ಪ್ರತಿಜ್ಞಾಪತ್ರ ಮಾಡಿಸಲು ಪಾಲಕರು ಬರತೊಡಗುತ್ತಾರೆ. ಉಮದಿ, ಸಂಖ, ಬಿಳೂರು, ಮಾಡಗ್ಯಾಳ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳ ತಂದೆತಾಯಿಯರು ಅವರು. “ವಕೀಲ ಸಾಹೇಬ್ರ, ಫೀ ಎಷ್ಟ ಆಗತೈತ್ರಿ?” ಎಂಬುದೇ ಅವರ ಮೊದಲ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ಆದರೆ ಮಗು ಮನೆ ಬಿಟ್ಟು ಓದಲು ಹೊರಟಾಗ ಮನೆತನದ ಮೇಲೆ ಹೆಚ್ಚು ಭಾರ ಹಾಕುವುದು ಬಹಳ ಸಲ ಶುಲ್ಕವಲ್ಲ. ಊಟ, ಖೋಲಿ ಮತ್ತು ಪ್ರಯಾಣ.

ನಾನು ಜತ್ತದಲ್ಲಿಯೇ ಮನೆಯೂಟ ಉಂಡು ಬಿ.ಎ. ಮುಗಿಸಿ, ಬಳಿಕ ಮೂರು ವರ್ಷ ಕೊಲ್ಹಾಪುರದಲ್ಲಿ ಎಲ್‌ಎಲ್.ಬಿ. ಓದಿದೆ. ಹನ್ನೆರಡನೆಯದಾದ ಮೇಲೆ ನೇರವಾಗಿ ಐದು ವರ್ಷದ ಕಾನೂನು ಪದವಿಗೆ ಸೇರುವ ದಾರಿಯೂ ಇತ್ತು. ತಂದೆಯವರು ಸರಳವಾಗಿ ಲೆಕ್ಕ ಹಾಕಿದರು: ಪದವಿ ಮುಗಿಸಿ ಹೋದರೆ ಓದು ಒಂದು ವರ್ಷ ಹೆಚ್ಚಾಗುತ್ತದೆ, ಹೊರಗಿನ ವಾಸ ಎರಡು ವರ್ಷ ಕಡಿಮೆಯಾಗುತ್ತದೆ. ಆ ಲೆಕ್ಕವೇ ನನ್ನನ್ನು ಕೊನೆಯವರೆಗೆ ಓದಿಸಿತು. ನನ್ನ ಖೋಲಿಯಲ್ಲಿದ್ದ ಗೆಳೆಯನಿಗೆ ಶುಲ್ಕದ ರಿಯಾಯಿತಿ ದೊರೆತಿತ್ತು. ಆದರೆ 2003ರ ಬರಗಾಲದಲ್ಲಿ ಊರಿನಿಂದ ಹಣ ಬರುವುದು ನಿಂತಿತು, ಮೆಸ್ಸಿನ ಬಾಕಿ ಬೆಳೆಯಿತು. ಆತ ಎರಡನೆಯ ವರ್ಷದ ನಡುವೆಯೇ ಹಾಸಿಗೆ ಸುತ್ತಿಕೊಂಡು ಊರಿಗೆ ಹೋದನು, ಮರಳಿ ಬರಲಿಲ್ಲ.

ಊರಿಂದೂರಿಗೆ ವೆಚ್ಚ ಹೇಗೆ ಬದಲಾಗುತ್ತದೆ ಎಂಬುದನ್ನು ಸರಕಾರದ ಲೆಕ್ಕವೇ ತೋರಿಸುತ್ತದೆ. ಪರಿಶಿಷ್ಟ ಜಾತಿ ಮತ್ತು ನವಬೌದ್ಧ ವಿದ್ಯಾರ್ಥಿಗಳಿಗಾಗಿ ಮಹಾರಾಷ್ಟ್ರ ಸರಕಾರವು 2016-17ರಲ್ಲಿ ಆರಂಭಿಸಿದ ಸ್ವಾಧಾರ ಯೋಜನೆಯಲ್ಲಿ ಮುಂಬಯಿ, ಪುಣೆ, ನಾಗಪುರದಂಥ ನಗರಗಳಿಗೆ ವರ್ಷಕ್ಕೆ 60,000 ರೂಪಾಯಿ ಗೊತ್ತುಮಾಡಲಾಯಿತು. ಕೆಳಗಿನ ಮೆಟ್ಟಿಲುಗಳಿಗೆ 51,000 ಮತ್ತು 43,000. ಮೊದಲ ಮೆಟ್ಟಿಲಿನಲ್ಲಿ ಊಟಕ್ಕೆ 32,000, ವಸತಿಗೆ 20,000. ಕೊನೆಯದರಲ್ಲಿ ಊಟಕ್ಕೆ 25,000, ವಸತಿಗೆ 12,000. ಹಸಿವು ಎಲ್ಲ ಊರಲ್ಲಿಯೂ ಒಂದೇ ಆದುದರಿಂದ ಊಟದ ವೆಚ್ಚ ಅಷ್ಟಾಗಿ ತಗ್ಗುವುದಿಲ್ಲ. ತಗ್ಗುವುದು ಬಾಡಿಗೆ.

2024-25ರಿಂದ ಎಂಟು ಲಕ್ಷದೊಳಗಿನ ವಾರ್ಷಿಕ ಉತ್ಪನ್ನವಿರುವ ಅರ್ಹ ವರ್ಗಗಳ ಹೆಣ್ಣುಮಕ್ಕಳಿಗೆ ಮಹಾರಾಷ್ಟ್ರವು ವೃತ್ತಿಪರ ಶಿಕ್ಷಣದ ಶುಲ್ಕವನ್ನು ಪೂರ್ತಿ ಮಾಫಿ ಮಾಡಿದೆ. ಇದು ದೊಡ್ಡ ಉಪಕಾರ. ಆದರೂ ಮಗಳ ಹೆಸರು ಪುಣೆಯ ಕಾಲೇಜಿನ ಯಾದಿಯಲ್ಲಿ ಬಂದರೆ, ಮಾಫಿಯಾಗುವುದು ಶುಲ್ಕವೇ ಹೊರತು ಮೆಸ್ಸಲ್ಲ.

ನಮ್ಮ ತಾಲೂಕಿನವರಿಗೆ ಇನ್ನೊಂದು ಬಾಗಿಲೂ ಉಂಟು. ಕರ್ನಾಟಕದ ಸಿ.ಇ.ಟಿ. ಪ್ರವೇಶ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದ್ದು, ಅಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಹೆಸರೇ ಇದೆ. ಏಳು ವರ್ಷ ಇಲ್ಲಿ ಓದಿದ ದಾಖಲೆ ಬೇಕು. ಕನ್ನಡ ಭಾಷಾ ಪರೀಕ್ಷೆಯೂ ಇದೆ. ಕನ್ನಡ ಶಾಲೆಯ ಮಕ್ಕಳಿಗೆ ಅದು ಕಷ್ಟವಲ್ಲ. ಉಮದಿಯವರಿಗೆ ಸಾಂಗಲಿಗಿಂತ ವಿಜಯಪುರವೇ ಹತ್ತಿರ. ಡಬ್ಬಿ ಕಳಿಸಬಹುದು, ವಾರಕ್ಕೊಮ್ಮೆ ಮನೆಗೆ ಬರಬಹುದು. ಆದರೆ ಸ್ವಾಧಾರದ ಹಣವಾಗಲಿ ಮಹಾರಾಷ್ಟ್ರದ ಈ ಶುಲ್ಕಮಾಫಿಯಾಗಲಿ ಗಡಿ ದಾಟಿ ಬರುವುದಿಲ್ಲ. 2023ರಲ್ಲಿ ಆರಂಭವಾದ ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಆ ರಾಜ್ಯದ ನಿವಾಸಿ ಮಹಿಳೆಯರಿಗೆ ಮಾತ್ರ. ಆದುದರಿಂದ ಹತ್ತಿರವೆಂಬ ಲಾಭವನ್ನೂ ಕಳೆದುಕೊಳ್ಳುವ ನೆರವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕು.

ಇನ್ನೊಂದು ಮಾತು ಹಣ ಬರುವ ಕಾಲದ್ದು. ದ್ರಾಕ್ಷಿಯ ಹಣ ವರ್ಷಕ್ಕೊಮ್ಮೆ ಬರುತ್ತದೆ. ಮೆಸ್ಸಿನ ಬಿಲ್ಲು ತಿಂಗಳಿಗೊಮ್ಮೆ. ಪ್ರವೇಶದ ದಿನಗಳೇ ಬಿತ್ತನೆಯ ದಿನಗಳೂ ಹೌದು. ವಿದ್ಯಾರ್ಥಿವೇತನವು ಮೆಸ್ಸಿನ ತಾರೀಖು ನೋಡಿಕೊಂಡು ಖಾತೆಗೆ ಬೀಳುವುದಿಲ್ಲ. ಆದುದರಿಂದ ಮೊದಲ ನಾಲ್ಕು ತಿಂಗಳ ವೆಚ್ಚ ಕೈಯಲ್ಲಿದ್ದರೆ ಮಾತ್ರ ದೂರದ ಊರಿನ ವಿಚಾರ ಮಾಡುವುದು ಲೇಸು.

ಹಿರಿಯರು ಇದನ್ನು ಬಹು ಹಿಂದೆಯೇ ಅರಿತಿದ್ದರು. ಛತ್ರಪತಿ ಶಾಹೂ ಮಹಾರಾಜರು 1901ರಲ್ಲಿ ಕೊಲ್ಹಾಪುರದಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಆರಂಭಿಸಿದರು. ಅವರ ಆಶ್ರಯದಲ್ಲಿ ಜೈನ, ಲಿಂಗಾಯತ, ಮುಸ್ಲಿಂ, ದಲಿತ ವಿದ್ಯಾರ್ಥಿಗಳಿಗೂ ವಸತಿಗೃಹಗಳು ಎದ್ದವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಬಡ ಮಕ್ಕಳು ಅನೇಕರು. ಬಡವರ ಮಕ್ಕಳಿಗೆ ಶಾಲೆಯಷ್ಟೇ ಸಾಲದು, ಉಣ್ಣಲು ಮಲಗಲು ಒಂದು ನೆಲೆಯೂ ಬೇಕೆಂಬುದು ಅವರಿಗೆ ತಿಳಿದಿತ್ತು.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಕಾಲೇಜಿನ ಯಾದಿ ತುಂಬುವ ಮೊದಲು ಒಂದೊಂದು ಊರಿಗೆ ಒಂದೊಂದು ಪುಟ ತೆಗೆದಿಡಿ. ಶುಲ್ಕ, ಮೆಸ್ಸು, ಬಾಡಿಗೆ, ಠೇವಣಿ, ಹಬ್ಬಕ್ಕೆ ಬಂದುಹೋಗುವ ಖರ್ಚು ಎಲ್ಲವನ್ನೂ ಬರೆದು, ಸಿಗುವ ನೆರವನ್ನು ಕಳೆದು, ಉಳಿದುದನ್ನು ಓದಿನ ಒಟ್ಟು ವರ್ಷಗಳಿಂದ ಗುಣಿಸಿ. ವಸತಿಗೃಹದ ಅರ್ಜಿಯನ್ನು ಪ್ರವೇಶದ ಅರ್ಜಿಯೊಡನೆಯೇ ಹಾಕಿ. ಉತ್ಪನ್ನ ಹಾಗೂ ರಹಿವಾಸಿ ದಾಖಲೆಗಳನ್ನು ಫಲಿತಾಂಶಕ್ಕೆ ಮುಂಚೆಯೇ ತೆಗೆಸಿಡಿ. ಅಗ್ಗವಾದುದನ್ನೇ ಆರಿಸಿರೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕಾಲೇಜಿಗಾಗಿ ಹೆಚ್ಚು ತೆರಬೇಕಾದರೆ ತಿಳಿದೇ ತೆರೋಣ. ಆ ಪುಟವನ್ನು ಮಗನಿಗೂ ಮಗಳಿಗೂ ತೋರಿಸಿ. ಹದಿನೆಂಟು ವರ್ಷದವರಿಗೆ ಮನೆಯ ಲೆಕ್ಕ ಅರ್ಥವಾಗುತ್ತದೆ.